ಒಂದೇ ಪ್ರತಿ

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದವರೇ. ಆದರೆ ಗಾದೆಯನ್ನು ಬಲ್ಲವನು ಅದಕ್ಕೆ ಗುರಿಯಾಗಲಾರನೆಂದು ಭಾವಿಸುವುದು ತಪ್ಪು. ಕಳೆದ ವರ್ಷ ಬಿಬವೇವಾಡಿಯ ನಮ್ಮ ಮನೆಯಲ್ಲಿ ಇದು ನನ್ನ ಅನುಭವಕ್ಕೆ ಬಂದಿತು. ಆ ಅನುಭವವನ್ನು ವಿದ್ಯಾರ್ಥಿಮಿತ್ರರ ಮುಂದಿಟ್ಟು, ಅದರಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವೊಂದನ್ನು ಹೇಳಬೇಕೆಂದಿದ್ದೇನೆ.

ನಮ್ಮ ಅಜ್ಜಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ಬೀಸುವ ಕಲ್ಲಿನ ಮುಂದೆ ಕುಳಿತು ಕಲಿತ ಹಾಡುಗಳು ಅವರ ಬಾಯಲ್ಲಿ ಲೆಕ್ಕವಿಲ್ಲದಷ್ಟಿದ್ದುವು. ಅವರು ಪುಣೆಗೆ ಬಂದಾಗಲೆಲ್ಲ ಒತ್ತಾಯದಿಂದ ಹಾಡಿಸಿ, 38 ಹಾಡುಗಳನ್ನು ಧ್ವನಿಮುದ್ರಿಸಿ ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಅಜ್ಜಿ ತೀರಿಕೊಂಡರು, ಹಾಡುಗಳಾದರೂ ಉಳಿದುವಲ್ಲ ಎಂದು ಸಮಾಧಾನ ತಂದುಕೊಂಡೆ. ಒಂದು ದಿನ ಆ ಕಂಪ್ಯೂಟರು ಕೆಟ್ಟು ನಿಂತಿತು. ಸಮೀಪದ ರಿಪೇರಿ ಅಂಗಡಿಯೊಂದಕ್ಕೆ ಒಯ್ದು ಕೊಟ್ಟೆ. ಮೂರನೆಯ ದಿನ ಅದು ಹೊಸ ಯಂತ್ರದಂತೆ ಚುರುಕಾಗಿ ಹಿಂದಿರುಗಿತು. ಹೊಸ ಯಂತ್ರದಂತೆಯೇ ಬರಿದಾಗಿಯೂ ಇತ್ತು. ಹೋಗಿ ವಿಚಾರಿಸಿದರೆ, “ಫಾರ್ಮ್ಯಾಟ್ ಮಾಡಿದೆವು. ಒಳಗಿನದು ಬೇಕೆಂದು ನೀವು ಹೇಳಲಿಲ್ಲವಲ್ಲ!” ಎಂದು ಅಂಗಡಿಯಾತ ಮರಾಠಿಯಲ್ಲಿ ಶಾಂತವಾಗಿ ಉತ್ತರಕೊಟ್ಟ.

ಇಲ್ಲಿ ನಡೆದುದೇನೆಂಬುದನ್ನು ತಿಳಿಯುವುದು ಒಳ್ಳೆಯದು. ಸಾಮಾನ್ಯವಾಗಿ ಅವಸರದಲ್ಲಿ ಮಾಡುವ ಫಾರ್ಮ್ಯಾಟಿನಿಂದ ಹಾರ್ಡ್ ಡಿಸ್ಕಿನಲ್ಲಿರುವುದೆಲ್ಲ ಒಮ್ಮೆಗೇ ಅಳಿದುಹೋಗುವುದಿಲ್ಲ. ಯಾವುದು ಎಲ್ಲಿದೆಯೆಂದು ತೋರಿಸುವ ಪಟ್ಟಿ ಮಾತ್ರ ಹೋಗುತ್ತದೆ. ಗ್ರಂಥಾಲಯದ ಸೂಚಿಯನ್ನು ಹರಿದೆಸೆದರೂ ಪುಸ್ತಕಗಳು ಕಪಾಟಿನಲ್ಲಿಯೇ ಇರುವಂತೆ ಇದು. ಆದರೆ ಕಪಾಟು ಖಾಲಿಯೆಂದು ಬಗೆದು ಹೊಸದನ್ನು ತುಂಬುತ್ತ ಹೋದಂತೆಲ್ಲ ಹಳೆಯದು ನಾಶವಾಗುತ್ತದೆ. ಆದುದರಿಂದ ಫೈಲು ಕಳೆದುದು ತಿಳಿದೊಡನೆ ಯಂತ್ರವನ್ನು ನಿಲ್ಲಿಸಿ, ಅಳಿದುದನ್ನು ಹುಡುಕಿ ತೆಗೆಯಬಲ್ಲ ತಜ್ಞರಲ್ಲಿಗೆ ಒಯ್ಯಬೇಕು. ಈಗಿನ ಎಸ್.ಎಸ್.ಡಿ.ಗಳಲ್ಲಿಯಂತೂ ಅಳಿಸಿದ ಜಾಗವನ್ನು ಯಂತ್ರವೇ ಬೇಗನೆ ಬರಿದುಮಾಡಿಬಿಡುವುದರಿಂದ ಆಸೆ ಇನ್ನೂ ಕಡಮೆ. ಇದೊಂದನ್ನೂ ಅರಿಯದ ನಾನು ಎರಡು ವಾರ ಆ ಯಂತ್ರದಲ್ಲಿ ಕೆಲಸಮಾಡಿ, ಉಳಿದಿದ್ದ ಅವಕಾಶವನ್ನೂ ಕೈಯಾರೆ ಕಳೆದುಕೊಂಡೆ.

ತಪ್ಪು ಯಾರದು? ಅಂಗಡಿಯವನದೆಂದು ನಾನು ಬಹಳ ದಿನ ಕುದಿದೆ. ಅವನದು ತಪ್ಪಲ್ಲವೆಂದು ಈಗಲೂ ಹೇಳಲಾರೆ. ಅಂಗಿಯನ್ನು ನೀರಿಗೆ ಹಾಕುವ ಮುನ್ನ ಅದರ ಜೇಬನ್ನು ಒಮ್ಮೆ ನೋಡುವುದು ಅಗಸನ ಧರ್ಮ. ಹಾಗೆಯೇ ಅಳಿಸುವ ಮುನ್ನ “ಇದರಲ್ಲಿ ಉಳಿಸಬೇಕಾದುದು ಏನಾದರೂ ಇದೆಯೇ?” ಎಂದು ಕೇಳುವುದು ರಿಪೇರಿಯವನ ಧರ್ಮ. ಸೇವೆಯ ಕೊರತೆಗೆ ಪರಿಹಾರ ಬೇಡಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿಮಾಡಿಕೊಟ್ಟಿದೆ. ಆದರೆ ನ್ಯಾಯಾಲಯವು ಹಣವನ್ನು ಕೊಡಿಸೀತೇ ಹೊರತು ಅಜ್ಜಿಯ ಕಂಠವನ್ನು ಕೊಡಿಸಲಾರದು. ಅಂಗಿಯನ್ನು ಕೊಡುವ ಮುನ್ನ ಜೇಬನ್ನು ನೋಡಬೇಕಾದವನು ಮೊದಲು ನಾನೇ ಅಲ್ಲವೇ? ಮರಳಿ ಸಿಗಲಾರದ ವಸ್ತುವಿನ ಒಂದೇ ಪ್ರತಿಯನ್ನು ಇಟ್ಟುಕೊಂಡಿದ್ದೆ. ಅದನ್ನೂ ಪರರ ಕೈಗೆ ಒಪ್ಪಿಸಿದ್ದೆ. ಒಂದೇ ಕಡೆ ಇಟ್ಟದ್ದನ್ನು ಕಾಪಾಡಿದ್ದೇವೆಂದು ಹೇಳುವಂತಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಈ ಪಾಠ ಕಂಪ್ಯೂಟರಿನ ಕಾಲದ್ದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಹಿಂದಿನ ಕನ್ನಡ ಗ್ರಂಥಕಾರರನ್ನು ಹೆಸರಿಸುತ್ತದೆ. ಅವರ ಹೆಸರುಗಳು ಉಳಿದುವು. ಅವರ ಕನ್ನಡ ಗ್ರಂಥಗಳು ನಮಗೆ ದೊರೆತಿಲ್ಲ. ‘ಕವಿರಾಜಮಾರ್ಗ’ವಾದರೋ ಯಾರೋ ಪ್ರತಿಮಾಡಿ ಇಟ್ಟುದರಿಂದ ಉಳಿಯಿತು. ಅದನ್ನು ಸಂಪಾದಿಸಿ 1898ರಲ್ಲಿ ಬೆಳಕಿಗೆ ತಂದವರು ನಮ್ಮ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೆ. ಬಿ. ಪಾಠಕರೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ನಮ್ಮ ಸಾಹಿತ್ಯಚರಿತ್ರೆ ಹೇಳುತ್ತದೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಓಲೆಗರಿಯ ಮೇಲೆ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಿಸಿ ಆಕೆ ಸಾವಿರ ಪ್ರತಿ ಮಾಡಿಸಿದಳು. ನಾಲ್ಕು ಗುಂಡಿಗಳನ್ನೊತ್ತಿ ಎರಡನೆಯ ಪ್ರತಿ ಮಾಡಲು ನನಗೆ ಬಿಡುವಾಗಲಿಲ್ಲ!

ಇನ್ನೊಂದು ಮಾತು. ನನ್ನ 38 ಹಾಡುಗಳಲ್ಲಿ ನಾಲ್ಕು ಇಂದಿಗೂ ಇವೆ. ಅವು ನಾನು ಜೋಪಾನಮಾಡಿದ ಹಾಡುಗಳಲ್ಲ; ಇಂಡಿಯಲ್ಲಿರುವ ಅತ್ತೆಯವರು ಕೇಳಿದರೆಂದು ಎಂದೋ ವಾಟ್ಸ್ಆ್ಯಪಿನಲ್ಲಿ ಕಳುಹಿಸಿ ಮರೆತಿದ್ದ ಹಾಡುಗಳು. ಹಂಚಿದವು ಉಳಿದುವು, ಕೂಡಿಟ್ಟವು ಹೋದುವು.

ಆದುದರಿಂದ ಮಿತ್ರರೇ, ಬೇಕಾದ ಫೈಲಿಗೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಮನೆಯಿಂದ ಹೊರಗೆ, ಬಂಧುಗಳ ಮನೆಯಲ್ಲಿಯೋ ಅಂತರಜಾಲದ ಉಗ್ರಾಣದಲ್ಲಿಯೋ ಇರಲಿ. ಇಟ್ಟ ಪ್ರತಿಯನ್ನು ಆಗಾಗ ತೆರೆದು ನೋಡಿರಿ. ತೆರೆಯದ ಪ್ರತಿ ಇದ್ದರೂ ಇಲ್ಲದಂತೆಯೇ. ಯಂತ್ರವನ್ನು ರಿಪೇರಿಗೆ ಕೊಡುವಾಗ ‘ಒಳಗಿನದನ್ನು ಕೇಳದೆ ಅಳಿಸಕೂಡದು’ ಎಂದು ರಸೀದಿಯ ಮೇಲೆ ಬರೆಯಿಸಿಕೊಳ್ಳಿರಿ. ನಿಮ್ಮಲ್ಲಿ ಹಲವರು ಮುಂದೆ ಇಂಜಿನಿಯರುಗಳಾಗುವಿರಿ, ಕೆಲವರು ರಿಪೇರಿಯ ಅಂಗಡಿಯನ್ನೇ ಇಡುವಿರಿ. ಆಗ ಆ ಒಂದು ಪ್ರಶ್ನೆಯನ್ನು ಕೇಳುವುದನ್ನು ಮರೆಯದಿರಿ. ನಿಮ್ಮ ಮುಂದಿರುವುದು ಬರಿಯ ಪೆಟ್ಟಿಗೆಯಲ್ಲ. ಅದರಲ್ಲಿ ಯಾರದೋ ಅಜ್ಜಿ ಹಾಡುತ್ತಿರಬಹುದು.

ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜಿಯ ಬಾಯಿಂದ ಒಂದು ಹಾಡನ್ನಾದರೂ ಕೇಳಿ ಮುದ್ರಿಸಿಕೊಳ್ಳಿರಿ. ಅಂದೇ, ದೀಪ ಹಚ್ಚುವ ಹೊತ್ತಿಗೆ ಮುಂಚೆಯೇ, ಅದನ್ನು ಇನ್ನಿಬ್ಬರಿಗೆ ಕಳುಹಿಸಿರಿ. ನನ್ನ ನಾಲ್ಕು ಹಾಡುಗಳು ಈಗ ಐದು ಮನೆಗಳಲ್ಲಿವೆ.