ಚರ್ಮದ ರೋಗ ಸಣ್ಣ ರೋಗವೇ?

ಸಾವು ಸಂಭವಿಸಿದರೆ ಮಾತ್ರ ರೋಗ ದೊಡ್ಡದು ಎಂದು ಎಣಿಸುವ ಪದ್ಧತಿ ನಮ್ಮ ಆಡಳಿತದಲ್ಲಿ ಬೇರೂರಿದೆ. ವಾಂತಿಭೇದಿ ಕಾಣಿಸಿಕೊಂಡರೆ ಅಧಿಕಾರಿಗಳು ಜೀಪು ಹತ್ತಿ ಓಡಿ ಬರುತ್ತಾರೆ. ಡೆಂಗಿ ಬಂದರೆ ಓಣಿಗೆ ಹೊಗೆ ಹಾಕುತ್ತಾರೆ. ಆದರೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲನು ತೊಡೆಸಂದಿಯ ತುರಿಕೆಯಿಂದ ಎರಡು ವರ್ಷ ನಿದ್ದೆಗೆಟ್ಟರೆ ಅದು ಯಾವ ಕಡತಕ್ಕೂ ಸೇರುವುದಿಲ್ಲ. ಅವನೂ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಹೆಂಡತಿಗೆ ಹತ್ತುತ್ತದೆ, ಮಕ್ಕಳಿಗೆ ಹತ್ತುತ್ತದೆ, ಮನೆಯೆಲ್ಲ ಕೆರೆದುಕೊಳ್ಳುತ್ತದೆ. "ಅದೇನು ಬಿಡ್ರಿ, ಬರೀ ಹುಳುಕಡ್ಡಿ" ಎಂದು ನೆರೆಹೊರೆಯವರು ನಗುತ್ತಾರೆ. ಇದು ನಗುವ ಮಾತಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ರೋಗ ಯಾರಿಗೆ ಬರುತ್ತದೆಂಬುದನ್ನು ಮೊದಲು ನೋಡೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತು. ಭತ್ತದ ಹಿಂದೆ ಗಿರಣಿಗಳು ಬಂದವು. ಲಿಂಗಸುಗೂರು, ಮಸ್ಕಿಗಳ ಕಡೆ ಹತ್ತಿ, ತೊಗರಿ. ಅದರಾಚೆ ಹಟ್ಟಿಯ ಚಿನ್ನದ ಗಣಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಗಿರಣಿಯೊಳಗೆ ಭತ್ತ ಬೇಯಿಸುವ ಹಬೆ, ತೌಡಿನ ಧೂಳು. ಬೆವರಿನಲ್ಲಿ ನೆಂದ ನೈಲಾನ್ ಬಟ್ಟೆ ಪಾಳಿ ಮುಗಿಯುವ ತನಕ ಮೈಗೆ ಅಂಟಿಕೊಂಡೇ ಇರುತ್ತದೆ. ಹುಳುಕಡ್ಡಿ ಎಂದು ನಾವು ಕರೆಯುವುದು ಹುಳವೂ ಅಲ್ಲ, ಕಡ್ಡಿಯೂ ಅಲ್ಲ. ಅದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಅದಕ್ಕೆ ಬೇಕಾದುದು ಸೆಕೆ, ಒದ್ದೆ, ಇಕ್ಕಟ್ಟು. ಈ ಮೂರನ್ನೂ ಕೆಲಸಗಾರನ ಬದುಕು ಪುಕ್ಕಟೆಯಾಗಿ ಒದಗಿಸುತ್ತದೆ. ನಾಟಿ ಹಚ್ಚುವ ಹೆಣ್ಣುಮಕ್ಕಳ ಕಾಲ್ಬೆರಳ ಸಂದಿ ಕೆಸರಿನಲ್ಲಿ ಬಿಳಿಚಿ ಬಿರಿಯುತ್ತದೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯಲ್ಲಿ ತುರಿಕಜ್ಜಿಯ ಹುಳ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಹೊಲದ ಬದುವಿನಲ್ಲಿ, ರಸ್ತೆಯ ಬದಿಯಲ್ಲಿ ಪಾರ್ಥೇನಿಯಂ ಬೆಳೆದು ನಿಂತಿದೆ. ಅದರ ಧೂಳು ತಾಗಿದ ಕೆಲವರ ಮುಖ, ಕತ್ತು, ಮೊಣಕೈ ಮಡಿಕೆಗಳು ಕಪ್ಪಾಗಿ ದಪ್ಪಗಟ್ಟುತ್ತವೆ. ಅದಕ್ಕೆ ಕಾಂಗ್ರೆಸ್ ಗಿಡವೆಂದು ಹೆಸರಿಟ್ಟವರು ಜನರೇ ಹೊರತು ನಾವಲ್ಲ!

ಅಂದಮೇಲೆ ಚರ್ಮದ ರೋಗ ಹಣೆಬರಹವಲ್ಲ, ಕೊಳಕುತನದ ಶಿಕ್ಷೆಯೂ ಅಲ್ಲ. ಅದು ಕೆಲಸದಿಂದ, ವಸತಿಯಿಂದ, ನೀರಿನಿಂದ ಬರುವ ರೋಗ.

ಅಂಗಡಿಯ ಮುಲಾಮು

ಈಗ ಚಿಕಿತ್ಸೆಯ ಮಾತು. ಜಿಲ್ಲೆಯ ವೈದ್ಯಕೀಯ ಕಾಲೇಜು ರಾಯಚೂರಿನಲ್ಲಿದೆ. ಸಿಂಧನೂರಿನಿಂದಾಗಲಿ, ಲಿಂಗಸುಗೂರಿನಿಂದಾಗಲಿ ಅಲ್ಲಿಗೆ ಸುಮಾರು 80ರಿಂದ 90 ಕಿಲೋಮೀಟರು. ಹೋಗಿ ಬರಲು ಒಂದು ದಿನ, ಅಂದರೆ ಒಂದು ದಿನದ ಕೂಲಿ, ಮೇಲೆ ಬಸ್ಸಿನ ಖರ್ಚು. ಚರ್ಮದ ರೋಗಕ್ಕೆ ಒಂದು ಸಲ ಹೋದರೆ ಸಾಲದು. ಮತ್ತೆ ಮತ್ತೆ ತೋರಿಸಬೇಕು. ಊರಲ್ಲೇ ಖಾಸಗಿ ವೈದ್ಯರಿಗೆ ತೋರಿಸೋಣವೆಂದರೆ ಫೀ, ಪರೀಕ್ಷೆ, ಔಷಧಿ ಸೇರಿ ವಾರದ ದುಡಿಮೆ ಕರಗುತ್ತದೆ. ಹೀಗಾಗಿ ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಔಷಧಿ ಅಂಗಡಿಯ ಮುಂದೆ ನಿಂತು "ತುರಿಕೆಗೆ ಒಂದು ಟ್ಯೂಬು ಕೊಡ್ರಿ" ಎನ್ನುವುದೇ ಬಡವನ ವೈದ್ಯಶಾಸ್ತ್ರವಾಗಿದೆ.

ಆ ಟ್ಯೂಬಿನಲ್ಲಿ ಏನಿರುತ್ತದೆ? ಅನೇಕ ವೇಳೆ ಮೂರು ನಾಲ್ಕು ಔಷಧಿಗಳ ಬೆರಕೆ. ಅವುಗಳ ನಡುವೆ ಕ್ಲೋಬೆಟಸಾಲ್ ಅಥವಾ ಬೆಟಾಮೆಥಸೋನ್ ಎಂಬ ಸ್ಟೀರಾಯ್ಡ್. ಇದು ಕೆಟ್ಟ ಔಷಧಿಯಲ್ಲ. ಇಸುಬು ಮುಂತಾದ ರೋಗಗಳಿಗೆ ವೈದ್ಯರು ಅಳೆದು ತೂಗಿ ಕೊಟ್ಟಾಗ ಉಪಕಾರಿಯೇ. ಆದರೆ ಹುಳುಕಡ್ಡಿಯ ಮೇಲೆ ಹಚ್ಚಿದರೆ ಅದು ಮೋಸ ಮಾಡುತ್ತದೆ. ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ಹಚ್ಚಿದವನು ಅಂಗಡಿಯವನಿಗೆ ಕೈಮುಗಿಯುತ್ತಾನೆ. ನಿಂತದ್ದು ತುರಿಕೆ ಮಾತ್ರ. ಶಿಲೀಂಧ್ರದೊಡನೆ ಹೋರಾಡುವ ಮೈಯ ಶಕ್ತಿಯನ್ನು ಸ್ಟೀರಾಯ್ಡ್ ಮಲಗಿಸುತ್ತದೆ. ಶತ್ರು ಒಳಗೊಳಗೇ ಹಬ್ಬುತ್ತಾನೆ. ಮುಲಾಮು ಬಿಟ್ಟ ವಾರದೊಳಗೆ ಅಂಗೈಯಷ್ಟಿದ್ದ ಕಲೆ ಸೊಂಟವೆಲ್ಲ ಸುತ್ತುತ್ತದೆ. ಮತ್ತೆ ಟ್ಯೂಬು, ಮತ್ತೆ ಎರಡು ದಿನದ ನೆಮ್ಮದಿ. ಕೊನೆಗೆ ಚರ್ಮ ತೆಳುವಾಗಿ ಬಸುರಿಯ ಹೊಟ್ಟೆಯ ಗೆರೆಯಂತೆ ತೊಡೆ ಬಿರಿಯುತ್ತದೆ. ರೋಗದ ಗುರುತೇ ಅಳಿಸಿಹೋಗಿ ಬಲ್ಲ ವೈದ್ಯರಿಗೂ ಒಂದೇ ನೋಟಕ್ಕೆ ಪತ್ತೆಯಾಗುವುದಿಲ್ಲ. ಕೆಲವು ವಾರಗಳಲ್ಲಿ ವಾಸಿಯಾಗಬೇಕಾದ ರೋಗ ವರ್ಷಗಟ್ಟಲೆಯ ಸಾಲದಂತೆ ಬಡ್ಡಿಗೆ ಬಡ್ಡಿ ಸೇರಿಸುತ್ತ ಬೆಳೆಯುತ್ತದೆ.

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರವು 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಆಜ್ಞೆ ಹೊರಡಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 328 ಬೆರಕೆ ಔಷಧಿಗಳನ್ನು ನಿಷೇಧಿಸಿದಾಗ ಇಂಥ ಮುಲಾಮುಗಳೂ ಅವುಗಳಲ್ಲಿದ್ದವು. ಆಜ್ಞೆ ಗೆಜೆಟ್ಟಿನಲ್ಲಿದೆ, ಟ್ಯೂಬು ಪೆಟ್ಟಿಗೆಯಲ್ಲಿದೆ. ಇಲ್ಲಿ ಔಷಧಿ ಅಂಗಡಿಯ ನಮ್ಮ ಬಂಧುಗಳ ಮೇಲಷ್ಟೇ ಕೋಲು ಬೀಸುವುದು ನ್ಯಾಯವಲ್ಲ. ಸಣ್ಣ ಅಂಗಡಿಕಾರನು ತಾನಾಗಿ ಏನನ್ನೂ ಕುದಿಸಿ ಟ್ಯೂಬಿಗೆ ತುಂಬುವುದಿಲ್ಲ. ಹತ್ತು ಕೊಂಡರೆ ಎರಡು ಬಿಟ್ಟಿ ಎಂದು ಆಸೆ ಹಚ್ಚುವವರು ಮೇಲಿದ್ದಾರೆ. ತಯಾರಿಸಲು ಲೈಸೆನ್ಸು ಕೊಟ್ಟವರು ಅವರಿಗೂ ಮೇಲಿದ್ದಾರೆ. ಆದರೂ ಒಂದು ಮಾತನ್ನು ಸ್ನೇಹದಿಂದ ಹೇಳುತ್ತೇವೆ: ಇಂದು ಟ್ಯೂಬು ಕೊಂಡ ಗಿರಾಕಿ ನಾಳೆಯೂ ನಿಮ್ಮ ಓಣಿಯವನೇ. ಚೀಟಿ ಕೇಳಿರಿ. ಚೀಟಿ ಇಲ್ಲದಿದ್ದರೆ ದವಾಖಾನೆಯ ದಾರಿ ತೋರಿಸಿರಿ.

ಇದರ ಫಲ ನಮ್ಮ ಓಣಿಗೆ ಮುಗಿಯಲಿಲ್ಲ. ಸ್ಟೀರಾಯ್ಡಿನ ಈ ಮನಬಂದ ಬಳಕೆಯ ನಡುವೆ ಭಾರತದಲ್ಲಿ ಹಬ್ಬಿದ, ಟರ್ಬಿನಾಫಿನ್ ಎಂಬ ಮುಖ್ಯ ಔಷಧಿಗೂ ಅನೇಕ ವೇಳೆ ಬಗ್ಗದ ಶಿಲೀಂಧ್ರವೊಂದಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ನಮ್ಮ ದೇಶದ ಹೆಸರನ್ನೇ ಸೇರಿಸಿ ಟ್ರೈಕೋಫೈಟಾನ್ ಇಂಡೋಟಿನೀ ಎಂದು ಕರೆದರು. 2023ರಲ್ಲಿ ನ್ಯೂಯಾರ್ಕಿನಲ್ಲಿ ಅದು ಇಬ್ಬರಲ್ಲಿ ಕಂಡಾಗ ಅಮೆರಿಕದ ಆರೋಗ್ಯ ಇಲಾಖೆ ಎಚ್ಚರಿಕೆ ಪ್ರಕಟಿಸಿತು. ಅಲ್ಲಿ ಇಬ್ಬರಿಗೆ ಪ್ರಕಟಣೆ. ಇಲ್ಲಿ ಗಿರಣಿಯ ಒಂದು ಪಾಳಿಯೇ ಕೆರೆದುಕೊಂಡರೂ ಮೌನ!

ಬಿಳುಪಿನ ಮತ್ತು ಕೂದಲಿನ ವ್ಯಾಪಾರ

ಸರ್ಕಾರ ಹೇಳುವ ನೆಪ ಒಂದೇ: ತಜ್ಞ ವೈದ್ಯರಿಲ್ಲ. ಇದನ್ನು ನಾವು ಒಪ್ಪುವುದಿಲ್ಲ. ಸ್ನಾತಕೋತ್ತರ ವೈದ್ಯಕೀಯದಲ್ಲಿ ಇಂದು ಅತಿ ಹೆಚ್ಚು ಬೇಡಿಕೆಯಿರುವ ವಿಷಯಗಳಲ್ಲಿ ಚರ್ಮವೈದ್ಯವೂ ಒಂದು. ಕಲಿತವರು ಇದ್ದಾರೆ, ಅವರು ಕಲಿತದ್ದು ಯಾರ ಮೈಗೆ ಸಲ್ಲುತ್ತಿದೆ ಎಂಬುದೇ ಪ್ರಶ್ನೆ. ನಗರಗಳಲ್ಲಿ ಮುಖ ಬೆಳ್ಳಗೆ ಮಾಡುವ, ಕೂದಲು ನೆಡುವ, ಲೇಸರ್ ಹಾಯಿಸುವ ಅಂಗಡಿಗಳ ಬೋರ್ಡು ಬೆಳಗುತ್ತಿವೆ. ದುಡ್ಡಿದ್ದ ಕಡೆಗೆ ವಿದ್ಯೆ ಹರಿಯುತ್ತಿದೆ.

ನಮ್ಮ ಯುವಕರೂ ಆ ಬೋರ್ಡುಗಳಿಗೆ ಮರುಳಾಗಿ ಸಾಲ ಮಾಡುತ್ತಿದ್ದಾರೆ. ಕೂದಲು ಉದುರುವುದೆಲ್ಲ ಒಂದೇ ಬಗೆಯದಲ್ಲ. ಟೈಫಾಯಿಡ್, ಡೆಂಗಿ ಅಥವಾ ಬಾಣಂತನದ ಎರಡು ಮೂರು ತಿಂಗಳ ನಂತರ ಹಿಡಿ ಹಿಡಿ ಉದುರುವ ಕೂದಲು ಸಾಮಾನ್ಯವಾಗಿ ತಾನೇ ಮರಳುತ್ತದೆ. ರಕ್ತಹೀನತೆಯಿಂದ ಉದುರಿದರೆ ಬೇಕಾದುದು ಎಣ್ಣೆಯಲ್ಲ, ಕಬ್ಬಿಣಾಂಶ. ಮಕ್ಕಳ ತಲೆಯಲ್ಲಿ ಹುಳುಕಡ್ಡಿಯಾಗಿ ಕೂದಲು ಮುರಿದರೆ ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯೇ ಬೇಕು, ಮುಲಾಮು ಸಾಲದು. ವಂಶದಿಂದ ಬಂದ ಬೋಳು ಬೇರೆಯೇ. ಯಾವುದು ಯಾವುದೆಂದು ಬಲ್ಲವರು ಐದು ನಿಮಿಷ ನೋಡಿ ಹೇಳಿದರೆ ಎಷ್ಟೋ ಮನೆಯ ಸಾವಿರಾರು ರೂಪಾಯಿ ಉಳಿಯುತ್ತದೆ.

ಬಿಳುಪಿನ ಮುಲಾಮಿನ ಮಾತು ಇನ್ನೂ ಭಯಂಕರ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪಾದರಸ ಬೆರೆತ ಬಿಳುಪಿನ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟದ್ದನ್ನು ವೈದ್ಯರು ಪತ್ತೆ ಹಚ್ಚಿದರು. ಕಪ್ಪು ಬಣ್ಣ ರೋಗವಲ್ಲ. ಅದನ್ನು ರೋಗವೆಂದು ನಂಬಿಸಿದ ವ್ಯಾಪಾರವೇ ರೋಗ.

ಚರ್ಮ ಕೊಡುವ ಸೂಚನೆ

ಚರ್ಮವೈದ್ಯರು ಕೇವಲ ತುರಿಕೆಗೆ ಬೇಕಾದವರಲ್ಲ. ಮೈಯೊಳಗಿನ ಕೇಡು ಎಷ್ಟೋ ಸಲ ಮೊದಲು ಚರ್ಮದ ಮೇಲೆ ಕಾಣುತ್ತದೆ. ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಸುರಪುರ ಸೀಮೆ. ಅಲ್ಲಿ ಮಂಗಳೂರು ಎಂಬ ಹಳೆಯ ಚಿನ್ನದ ಗಣಿಯ ಹತ್ತಿರದ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾದ ಗಡಸು, ಮೈಮೇಲೆ ಮಳೆಹನಿಯಂಥ ಕಲೆಗಳು ಕಂಡವು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ವಿಷವಿತ್ತು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರೂ ನಮ್ಮ ಭಾಗದ ವೈದ್ಯರೂ ಸೇರಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹಟ್ಟಿಯಿಂದ ಮಸ್ಕಿಯವರೆಗೆ ಹಬ್ಬಿರುವುದೂ ಅದೇ ಬಗೆಯ ಚಿನ್ನದ ಕಲ್ಲಿನ ನೆಲ. ಇಲ್ಲಿನ ಬಡವರ ಅಂಗೈಯನ್ನು ಬಲ್ಲವರು ನೋಡುತ್ತಿರಬೇಕಲ್ಲವೇ?

ಕುಷ್ಠದ ಮಾತೂ ಹೀಗೆಯೇ. ಸ್ಪರ್ಶಜ್ಞಾನವಿಲ್ಲದ ಮಾಸಲು ಕಲೆಯನ್ನು ಬೇಗ ಗುರುತಿಸಿದರೆ ಸರ್ಕಾರಿ ದವಾಖಾನೆಯ ಉಚಿತ ಗುಳಿಗೆಯಿಂದ 6 ಅಥವಾ 12 ತಿಂಗಳಲ್ಲಿ ಪೂರ್ತಿ ವಾಸಿ, ಅಂಗವಿಕಲತೆಯೂ ತಪ್ಪುತ್ತದೆ. ತೊನ್ನು ಬೇರೆ; ಅದು ಅಂಟುವುದಿಲ್ಲ, ಅದು ಕುಷ್ಠವೂ ಅಲ್ಲ. ಈ ಎರಡನ್ನು ಬೇರ್ಪಡಿಸಿ ಹೇಳುವವರಿಲ್ಲದೆ ಎಷ್ಟು ಹೆಣ್ಣುಮಕ್ಕಳ ಮದುವೆ ಮುರಿದಿಲ್ಲ? ಕುಷ್ಠ ವಿವಾಹ ವಿಚ್ಛೇದನಕ್ಕೆ ಕಾರಣವಾಗಬಾರದೆಂದು 2019ರಲ್ಲಿ ಕಾನೂನೇ ತಿದ್ದುಪಡಿಯಾಗಿದೆ. ಜನರ ಮನಸ್ಸು ಇನ್ನೂ ತಿದ್ದಿಲ್ಲ.

ಕೆಲಸಗಾರನ ಹಕ್ಕು

ಇಎಸ್‌ಐ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಹತ್ತಿ ಹಿಂಜುವ ಜಿನ್ನಿಂಗ್ ಗಿರಣಿಯನ್ನು "ಹಂಗಾಮಿನ ಕಾರ್ಖಾನೆ" ಎಂದು ಕರೆದು 1948ರ ಇಎಸ್‌ಐ ಕಾಯ್ದೆ ಹೊರಗಿಟ್ಟಿತು. ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಹೊರಗೇ ಇಟ್ಟಿದೆ. ಹಂಗಾಮು ಮುಗಿಯಬಹುದು; ಕೆಲಸಗಾರನ ಚರ್ಮ ಹಂಗಾಮಿನದೇ? ಇನ್ನು ಗಿರಣಿಯಲ್ಲಿ ಕೈಕಾಲು ತೊಳೆಯುವ ಸೌಕರ್ಯ ಇರಬೇಕೆಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾನೂನು. ಕೆಲಸದಿಂದ ಬಂದ ಚರ್ಮರೋಗಕ್ಕೆ ಪರಿಹಾರ ಕೇಳುವ ಹಕ್ಕೂ ಕಾನೂನಿನ ಅನುಸೂಚಿಯಲ್ಲಿದೆ. ಈ ಹಕ್ಕು ಕಾಗದದಿಂದ ಗಿರಣಿಗೆ ಇಳಿಯಬೇಕಾದರೆ ರೋಗ ಕೆಲಸದಿಂದ ಬಂದಿತೆಂದು ಬರೆದುಕೊಡುವ ವೈದ್ಯರು ಕೈಗೆ ಸಿಗಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

ಒಂದು: ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಊರಿನ ಸರ್ಕಾರಿ ದವಾಖಾನೆಗಳಲ್ಲಿ ವಾರದ ಗೊತ್ತಾದ ದಿನ ಚರ್ಮವೈದ್ಯರು ಕೂಡಬೇಕು, ಪಾಳಿ ಮುಗಿಸಿ ಬರುವವರಿಗಾಗಿ ಸಂಜೆಯ ಹೊತ್ತೂ ಇರಬೇಕು. ಯಾವ ದಿನ, ಯಾವ ಹೊತ್ತು ಎಂಬುದನ್ನು ಬಾಗಿಲಲ್ಲೇ ಕನ್ನಡದಲ್ಲಿ ಬರೆಯಬೇಕು. ರಾಯಚೂರಿನ ವೈದ್ಯಕೀಯ ಕಾಲೇಜಿನಿಂದ ಸರದಿಯ ಮೇಲೆ ವೈದ್ಯರನ್ನು ಕಳಿಸುವುದು ಅಸಾಧ್ಯವೇನಲ್ಲ. 371ಜೆ ವಿಧಿಯ ಹೆಸರಿನಲ್ಲಿ ಕಲ್ಯಾಣ ಕರ್ನಾಟಕಕ್ಕೆ ಬರುವ ಹಣ ಬರೀ ಸಿಮೆಂಟಿಗಲ್ಲ.

ಎರಡು: ಸ್ಟೀರಾಯ್ಡ್ ಬೆರೆಸದ ಹುಳುಕಡ್ಡಿಯ ಔಷಧಿ, ತುರಿಕಜ್ಜಿಯ ಪರ್ಮೆತ್ರಿನ್ ಮುಲಾಮು ಮನೆಮಂದಿಗೆಲ್ಲ ಒಟ್ಟಿಗೆ ಪುಕ್ಕಟೆ ಸಿಗಬೇಕು. ಒಬ್ಬರಿಗೆ ಕೊಟ್ಟು ಐವರನ್ನು ಬಿಟ್ಟರೆ ರೋಗ ಸುತ್ತಿ ಬರುತ್ತದೆ.

ಮೂರು: 2018ರ ಆಜ್ಞೆಯನ್ನು ತಯಾರಕರಿಂದ, ದೊಡ್ಡ ವಿತರಕರಿಂದ ಆರಂಭಿಸಿ ಜಾರಿಗೆ ತರಬೇಕು.

ನಾಲ್ಕು: ಹಟ್ಟಿ-ಮಸ್ಕಿ ಸೀಮೆಯ ಕೊಳವೆಬಾವಿಗಳ ನೀರನ್ನು ಆರ್ಸೆನಿಕ್‌ಗಾಗಿ ತಪ್ಪದೆ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯ ಗೋಡೆಗೆ ಹಚ್ಚಬೇಕು.

ಐದು: ಗಿರಣಿ ಮಾಲೀಕರು ನೀರು, ಸಾಬೂನು, ಬಟ್ಟೆ ಬದಲಿಸುವ ಮರೆ ಒದಗಿಸಬೇಕು; ಜಿನ್ನಿಂಗ್ ಕೆಲಸಗಾರರನ್ನು ಇಎಸ್‌ಐಗೆ ಸೇರಿಸಲು ಕಾನೂನು ತಿದ್ದಬೇಕು.

ನಾವು ಮಾಡಬೇಕಾದುದೂ ಇದೆ. ಟವೆಲ್ಲು, ಚಡ್ಡಿ ಹಂಚಿಕೊಳ್ಳಬಾರದು. ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಒಣಗಿಸಬೇಕು. ಉಡುದಾರದ ಕೆಳಗೆ ಒದ್ದೆ ನಿಲ್ಲಬಾರದು. ಕಲೆ ಮಾಯವಾದ ಕೂಡಲೇ ಔಷಧಿ ಬಿಡದೆ ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕು. ಎಲ್ಲಕ್ಕಿಂತ ಮೊದಲು ನಾಚಿಕೆ ಬಿಡಬೇಕು.

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯೇ ಚರ್ಮರೋಗಗಳು ಜಗತ್ತಿನ ಸಾರ್ವಜನಿಕ ಆರೋಗ್ಯದ ಆದ್ಯತೆಯೆಂದು ನಿರ್ಣಯಿಸಿದೆ. ಅಷ್ಟು ದೂರವೇಕೆ? ಅಶೋಕನ ಹೆಸರನ್ನು ಜಗತ್ತಿಗೆ ಖಚಿತಪಡಿಸಿದ ಬಂಡೆ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಅದೇ ಅರಸ ತನ್ನ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಬರೆಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಮೇಲೆ, ವಾರಕ್ಕೊಂದು ದಿನ ಒಬ್ಬ ಚರ್ಮವೈದ್ಯರನ್ನು ಕೇಳುವುದು ಅತಿಯಾಸೆಯಲ್ಲ.

ಹಮಾಲರ ಸಂಘ, ಗಿರಣಿ ಕಾರ್ಮಿಕರ ಸಂಘ, ಕಿರಾಣಿ ವರ್ತಕರ ಸಂಘ, ಕ್ಷೌರಿಕ ಬಂಧುಗಳ ಸಂಘ ಮೂರೂ ಊರುಗಳಲ್ಲಿ ಒಂದಾಗಿ ಸಹಿ ಮಾಡಿದ ಅರ್ಜಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಶಾಸಕರಿಗೂ ಕೊಡಲಿ. ಉತ್ತರಕ್ಕೆ ದಿನ ಗೊತ್ತು ಮಾಡಲಿ. ಆ ದಿನ ಉತ್ತರ ಬರದಿದ್ದರೆ ದವಾಖಾನೆಯ ಬಾಗಿಲಲ್ಲಿ ಎಲ್ಲರೂ ಕೂಡಿ ನಿಂತು ಕೇಳೋಣ.