ದುಡಿಮೆಯ ನಾಳೆ ಮತ್ತು ದಾಸೋಹದ ಹೊಣೆ

ಕಾಯಕದ ಮಹಿಮೆಯನ್ನು ಕುರಿತ ಲೇಖನವಿಲ್ಲದ ಸ್ಮರಣ ಸಂಚಿಕೆ ವಿರಳವೆಂದೇ ಹೇಳಬೇಕು. ದಾಸೋಹವನ್ನು ಕುರಿತ ಬರಹಗಳೂ ಉಂಟು. ಆದರೆ ಅವು ಬಹುಮಟ್ಟಿಗೆ ಪ್ರಸಾದದ ಪಂಕ್ತಿಗೂ ದಾನಿಗಳ ನಾಮಫಲಕಕ್ಕೂ ಸೀಮಿತವಾಗಿರುತ್ತವೆ. ಶರಣರ ಬಾಳಿನಲ್ಲಿ ಇವೆರಡೂ ಒಂದೇ ಬಂಡಿಯ ಗಾಲಿಗಳಾಗಿದ್ದುವು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರೆಂಬ ಪ್ರಸಂಗ ಮಕ್ಕಳಿಗೂ ತಿಳಿದಿದೆ. ಈ ಪ್ರಸಂಗದಲ್ಲಿ ದುಡಿಮೆಯ ಪ್ರಶ್ನೆಗಿಂತ ಮಿಗಿಲಾದ ಪ್ರಶ್ನೆಯೊಂದಿದೆ: ದುಡಿಮೆಯಿಂದ ಹುಟ್ಟಿದ ಮಿಗತೆ ಯಾರದು? ಇಂದು ಕಾಯಕದ ಬೋಧೆ ದುಡಿಯುವವನಿಗೆ ಧಾರಾಳವಾಗಿ ದೊರೆಯುತ್ತಿದೆ. ದುಡಿಸಿಕೊಳ್ಳುವವನಿಗೆ ದಾಸೋಹವನ್ನು ನೆನಪಿಸುವವರು ಕಡಿಮೆ. ಆರ್ಥಿಕ ಸುಧಾರಣೆಯನ್ನು ಕುರಿತು ದೇಶದಲ್ಲಿ ನಡೆಯುತ್ತಿರುವ ಚರ್ಚೆಯ ದೋಷವೂ ಬಹುಶಃ ಇದೇ ಆಗಿದೆ.

ಕಳೆದ ಶತಮಾನದ ಆರಂಭದಲ್ಲಿ ಸಮಾಜದ ಹಿರಿಯರು ವಿದ್ಯಾಸಂಸ್ಥೆಗಳನ್ನು ಕಟ್ಟಿದಾಗ ಅವರ ಮುಂದಿದ್ದ ಗುರಿ ಸ್ಪಷ್ಟವಾಗಿತ್ತು. ಆಗಿನ ಬಿಜಾಪುರದಲ್ಲಿ 1910ರಲ್ಲಿ ಫ.ಗು. ಹಳಕಟ್ಟಿಯವರ ನೇತೃತ್ವದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯೂ, ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ತರುಣ ಶಿಕ್ಷಕರ ತ್ಯಾಗದಿಂದ ಕೆ.ಎಲ್.ಇ. ಸಂಸ್ಥೆಯೂ ಹುಟ್ಟಿದುವು. ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದುವು. ಒಣಬೇಸಾಯದ ಹಳ್ಳಿಗಳಿಂದ ಬುತ್ತಿಗಂಟು ಹೊತ್ತು ಬಂದ ಹುಡುಗರು ಗುಮಾಸ್ತರಾದರು, ಶಿಕ್ಷಕರಾದರು, ಇಂಜಿನಿಯರರಾದರು. ಆ ಹುದ್ದೆಯೊಂದಿಗೆ ಭವಿಷ್ಯನಿಧಿ, ರಜೆ ಮತ್ತು ಪಿಂಚಣಿ ಬರುತ್ತಿದ್ದುವು. ಒಬ್ಬನ ಸಂಬಳದಿಂದ ತಂಗಿಯರ ಮದುವೆ, ತಮ್ಮಂದಿರ ಓದು, ತಂದೆಯ ಸಾಲ ಎಲ್ಲವೂ ತೀರುತ್ತಿದ್ದ ಕಾಲವದು.

ಆ ಏಣಿಯ ಮೆಟ್ಟಿಲುಗಳು ಈಗ ಸಡಿಲವಾಗಿವೆ. 1991ರ ಜುಲೈ ತಿಂಗಳ ಮುಂಗಡಪತ್ರದಿಂದ ಮೊದಲಾದ ಸುಧಾರಣೆಗಳು ಸಂಪತ್ತನ್ನು ಬೆಳೆಸಿದುವೆಂಬುದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಈ ಶಾಲೆಗಳ ಎಷ್ಟೋ ಹಳೆಯ ವಿದ್ಯಾರ್ಥಿಗಳ ಏಳಿಗೆ ಅದಕ್ಕೆ ಸಾಕ್ಷಿ. ಆದರೆ ದುಡಿಯುವ ಕೈಗಳೆಲ್ಲ ಆ ಸಂಪತ್ತಿನ ಬಳಿಗೆ ಸಾಗಲಿಲ್ಲ. 2023-24ರ ಶ್ರಮಬಲ ಸಮೀಕ್ಷೆಯಂತೆ ದೇಶದ ದುಡಿಮೆಗಾರರಲ್ಲಿ ನೂರಕ್ಕೆ ಸುಮಾರು 46 ಜನ ಇನ್ನೂ ಕೃಷಿಯಲ್ಲಿಯೇ ಇದ್ದಾರೆ. ರಾಷ್ಟ್ರೀಯ ಉತ್ಪನ್ನದಲ್ಲಿ ಕೃಷಿಯ ಪಾಲು ನೂರಕ್ಕೆ ಸುಮಾರು 18. ಸರ್ಕಾರಿ ಹುದ್ದೆಯೂ ಹಿಂದಿನಂತಿಲ್ಲ. 2006ರ ಏಪ್ರಿಲ್ 1ರ ನಂತರ ರಾಜ್ಯ ಸೇವೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲವಾಯಿತು.

ಈ ಬದಲಾವಣೆಯ ಸ್ವರೂಪವನ್ನು ತಿಳಿಯಬಯಸುವವರು ಇಳಕಲ್ಲಿನ ಮಗ್ಗದ ಮನೆಯೊಂದನ್ನು ನೋಡಬೇಕು. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕುವ ಆ ಕೆಲಸಕ್ಕೆ ಕಣ್ಣೂ ಬೇಕು, ತಾಳ್ಮೆಯೂ ಬೇಕು. ಮನೆಯ ಹೆಂಗಸರೂ ಮಕ್ಕಳೂ ನೂಲು ಸುತ್ತುವುದರಲ್ಲಿ ತೊಡಗಿದರೇನೇ ಮಗ್ಗ ಸಾಗುವುದು. ಬಹುಪಾಲು ನೇಕಾರರಿಗೆ ನೂಲನ್ನು ಕೊಡುವವನು ಸಾಹುಕಾರ. ಸೀರೆಯನ್ನು ಒಯ್ಯುವವನೂ ಅವನೇ. ಕೂಲಿಯನ್ನು ಕಟ್ಟುವವನೂ ಅವನೇ. ಆದರೂ ಕಾಗದದ ಮೇಲೆ ಅವನು ಮಾಲೀಕನಲ್ಲ, ನೇಕಾರನು ನೌಕರನಲ್ಲ. ಕಾಯಿಲೆ ಬಿದ್ದ ವಾರ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತ ವಾರ ಕೂಲಿ ನಿಲ್ಲುತ್ತದೆ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಕಾದಿರಿಸಲು 1985ರಲ್ಲಿ ಕಾಯ್ದೆಯಾಯಿತು. 22 ಬಗೆಗಳಿದ್ದ ಪಟ್ಟಿ 1996ರಲ್ಲಿ 11ಕ್ಕೆ ಇಳಿಯಿತು. ವಿದ್ಯುನ್ಮಗ್ಗದ ಅನುಕರಣೆಗಳು ಅಗ್ಗದ ಬೆಲೆಗೆ ಪೇಟೆಯನ್ನು ತುಂಬಿದುವು. 2009-10ರ ಗಣತಿಯಲ್ಲಿ ದೇಶದಲ್ಲಿ 43.31 ಲಕ್ಷವಿದ್ದ ಕೈಮಗ್ಗ ಕೆಲಸಗಾರರ ಸಂಖ್ಯೆ 2019-20ರ ಗಣತಿಯಲ್ಲಿ 35.22 ಲಕ್ಷಕ್ಕೆ ಕುಸಿಯಿತು.

ಮಗ್ಗದ ಕುಣಿಯನ್ನು ಬಿಟ್ಟೆದ್ದ ತರುಣನು ಎಲ್ಲಿಗೆ ಹೋಗುತ್ತಾನೆ? ಬೆಂಗಳೂರಿಗೆ ಹೋಗಿ ಬೆನ್ನಿಗೆ ಚೀಲವನ್ನೇರಿಸಿ, ಮೋಟಾರು ಸೈಕಲ್ಲಿನ ಮೇಲೆ ಮನೆಮನೆಗೆ ಊಟ ತಲುಪಿಸುವವರಲ್ಲಿ ಒಬ್ಬನಾಗಬಹುದು. ಅಲ್ಲಿ ಆಜ್ಞೆ ಮೊಬೈಲಿನ ತೆರೆಯ ಮೇಲೆ ಬರುತ್ತದೆ, ಕೂಲಿಯ ದರವನ್ನು ಕಂಪನಿ ನಿರ್ಧರಿಸುತ್ತದೆ. ಆದರೆ ಆ ಕಂಪನಿ ಅವನನ್ನು ನೌಕರನೆಂದು ಕರೆಯದೆ ಪಾಲುದಾರನೆಂದು ಕರೆಯುತ್ತದೆ. ವಾಹನವೂ ಇಂಧನವೂ ಅಪಘಾತದ ಅಪಾಯವೂ ಪಾಲುದಾರನ ಪಾಲಿಗೇ. ಇದನ್ನು ಹೊಸ ಯುಗದ ದುಡಿಮೆಯೆಂದು ಬಣ್ಣಿಸುವವರು ನೂಲು ಕೊಟ್ಟು ಸೀರೆ ಒಯ್ಯುವ ಪದ್ಧತಿಯನ್ನು ಕಂಡಿರಲಾರರು. ತಂದೆಯ ಮಗ್ಗಕ್ಕಿದ್ದ ಕಟ್ಟಳೆಯೇ ಮಗನ ಕೈಯ ಯಂತ್ರದೊಳಗೆ ಹೊಕ್ಕಿದೆ. ಇಂಥವರು 2020-21ರಲ್ಲಿ 77 ಲಕ್ಷವಿದ್ದರೆಂದೂ 2029-30ರ ಹೊತ್ತಿಗೆ 2.35 ಕೋಟಿಯಾಗುವರೆಂದೂ ನೀತಿ ಆಯೋಗವು 2022ರಲ್ಲಿ ಅಂದಾಜು ಮಾಡಿತು.

ಶಾಸಕರು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲ. ಗಿಗ್ ಕಾರ್ಮಿಕರ ಕಲ್ಯಾಣಕ್ಕಾಗಿ ರಾಜಸ್ಥಾನವು 2023ರಲ್ಲಿ ಕಾಯ್ದೆ ಮಾಡಿತು. ಕರ್ನಾಟಕವು 2025ರಲ್ಲಿ ಮಾಡಿದ ಕಾಯ್ದೆಯಂತೆ ಪ್ರತಿಯೊಂದು ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ಪಡೆಯಬಹುದು. 29 ಹಳೆಯ ಕಾಯ್ದೆಗಳನ್ನು ಒಟ್ಟುಗೂಡಿಸಿದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದುವು. ಒಳ್ಳೆಯ ಆರಂಭವೇ ಸರಿ. ಆದರೆ ಮೊಬೈಲಿನಲ್ಲಿ ಆಜ್ಞೆ ಪಡೆಯುವ ಮಗನಿಗೆ ದೊರೆತುದು, ಸಾಹುಕಾರನ ಬಾಯಿಂದ ಆಜ್ಞೆ ಪಡೆಯುವ ತಂದೆಗೇಕೆ ಬೇಡ?

ಇದಕ್ಕೆ ಮಾದರಿ ದೂರದಲ್ಲಿಲ್ಲ. ಮಹಾರಾಷ್ಟ್ರವು 1969ರಲ್ಲಿಯೇ ಮಾಥಾಡಿ ಹಮಾಲರಿಗಾಗಿ ಕಾಯ್ದೆ ಮಾಡಿತು. ಹಮಾಲನು ಬೆಳಿಗ್ಗೆ ಒಂದು ಅಂಗಡಿಯ ಮೂಟೆ ಹೊತ್ತರೆ ಮಧ್ಯಾಹ್ನ ಇನ್ನೊಂದು ಅಂಗಡಿಯದನ್ನು ಹೊರುವನು. ಅವನ ಮಾಲೀಕನು ಇವನೇ ಎಂದು ಬೆರಳು ತೋರಿಸಲಾಗದು. ಅದಕ್ಕೆಂದೇ ಮಂಡಳಿಯೊಂದನ್ನು ರಚಿಸಿ, ಮೂಟೆ ಹೊರಿಸಿದ ವ್ಯಾಪಾರಿಗಳೆಲ್ಲರೂ ಕೂಲಿಯನ್ನೂ ಅದರ ಮೇಲೊಂದು ಪಾಲನ್ನೂ ಅಲ್ಲಿಗೆ ಕಟ್ಟತಕ್ಕದ್ದೆಂದು ವಿಧಿಸಲಾಯಿತು. ಭವಿಷ್ಯನಿಧಿ, ಗ್ರಾಚ್ಯುಟಿ, ಔಷಧೋಪಚಾರಗಳಿಗೆ ಆ ಪಾಲೇ ಆಧಾರ. ಮಾಲೀಕನು ಯಾರೆಂಬ ವ್ಯಾಜ್ಯವನ್ನು ಬದಿಗಿರಿಸಿ, ಕೆಲಸ ನಡೆದಲ್ಲಿ ಪಾಲು ಕೂಡಿಸಿ ದುಡಿದವನ ಹೆಸರಿಗೆ ಜಮೆ ಮಾಡುವುದೇ ಇದರ ತಿರುಳು. ಹುದ್ದೆಗೆ ಅಂಟಿಕೊಂಡಿದ್ದ ಭದ್ರತೆಯನ್ನು ಬಿಡಿಸಿ ಮನುಷ್ಯನಿಗೆ ಅಂಟಿಸುವುದು ಮುಂದಿನ ಸುಧಾರಣೆಯ ಮೊದಲ ಹೆಜ್ಜೆಯಾಗಬೇಕು. ನೇಕಾರ ಹತ್ತು ವರ್ಷ ಮಗ್ಗದಲ್ಲಿದ್ದು, ಐದು ವರ್ಷ ನಗರದಲ್ಲಿದ್ದು, ಮತ್ತೆ ಹೊಲಕ್ಕೆ ಮರಳಿದರೂ ಲೆಕ್ಕದ ಪುಸ್ತಕ ಒಂದೇ ಇರಬೇಕು.

ಪಾಲು ವಿಧಿಸಿದರೆ ಸರಕು ತುಟ್ಟಿಯಾಗುವುದು, ಕೆಲಸವೇ ಕಡಿಮೆಯಾಗುವುದು ಎಂದು ವ್ಯಾಪಾರಸ್ಥರು ಆಕ್ಷೇಪಿಸುವರು. ಅದರಲ್ಲಿ ತಥ್ಯವಿಲ್ಲದೆ ಇಲ್ಲ. ಆದರೆ ಮುಪ್ಪಿನ ಖರ್ಚು ಕಾಯ್ದೆಯಿಂದ ಹುಟ್ಟಿದುದಲ್ಲ; ಇಂದು ಅದನ್ನು ಮಗಳ ಓದಿನಿಂದ ಕಡಿದು, ಬಡ್ಡಿಗೆ ತಂದು ಭರಿಸಲಾಗುತ್ತಿದೆಯಷ್ಟೆ. ಇನ್ನೂ ಗಂಭೀರವಾದ ಆಕ್ಷೇಪ ಬೇರೆ ಇದೆ. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆಯಂತೆ ಕೂಡಿಸಿದ ಮೇಲುತೆರಿಗೆಯ ಹಣವು ಖರ್ಚಾಗದೆ ರಾಜ್ಯಗಳಲ್ಲಿ ಬಿದ್ದಿರುವುದನ್ನು ಸುಪ್ರೀಂ ಕೋರ್ಟು 2018ರಲ್ಲಿ ಕಟುವಾಗಿ ಟೀಕಿಸಿತು. ನಿಧಿ ಕೂಡಿಸುವ ಉತ್ಸಾಹ ಹಂಚುವಾಗ ಕುಂದುವುದು ಸರ್ಕಾರಕ್ಕೆ ಮಾತ್ರ ಅಂಟಿದ ರೋಗವಲ್ಲವೆಂಬುದು ಬಲ್ಲವರಿಗೆ ಗೊತ್ತು.

ಹೀಗಿರುವಾಗ ಶಿಕ್ಷಣ ಸಂಸ್ಥೆಗಳು ತಮ್ಮ ಅಂಗಳವನ್ನೂ ಒಮ್ಮೆ ನೋಡಿಕೊಳ್ಳುವುದು ಉಚಿತ. ಒಂದೇ ಆವರಣದಲ್ಲಿ, ಒಂದೇ ಗಂಟೆಯ ನಾದಕ್ಕೆ, ಒಂದೇ ಪಠ್ಯವನ್ನು ಬೋಧಿಸುವ ಇಬ್ಬರು ಶಿಕ್ಷಕರಲ್ಲಿ ಅನುದಾನಿತ ವಿಭಾಗದವರಿಗೆ ಸರ್ಕಾರಿ ವೇತನಶ್ರೇಣಿ. ಅನುದಾನರಹಿತ ವಿಭಾಗದವರಿಗೆ ಎಷ್ಟೋ ಕಡೆ ಗೌರವಧನವೆಂಬ ಹೆಸರಿನ ಅಲ್ಪ ಮೊತ್ತ. ಅವರಿಗೆ ಸೇವೆಯ ಹೆಸರಿನಲ್ಲಿ ಕಾಯಕದ ಉಪದೇಶ ಮಾತ್ರ ತಪ್ಪದೆ ದೊರೆಯುತ್ತದೆ. ಶಿಕ್ಷಕನು 1972ರ ಗ್ರಾಚ್ಯುಟಿ ಕಾಯ್ದೆಯ ಅರ್ಥದಲ್ಲಿ ನೌಕರನಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸಂಸತ್ತು 2009ರಲ್ಲಿ ತಿದ್ದುಪಡಿ ಮಾಡಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಶಿಕ್ಷಕರನ್ನು ಅದರೊಳಗೆ ಸೇರಿಸಿತು. ಖಾಸಗಿ ಶಾಲೆಗಳ ಆಡಳಿತವರ್ಗದವರು ಇದನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು, 2022ರಲ್ಲಿ ಸೋತರು. ಮಕ್ಕಳಿಗೆ ನೀತಿಪಾಠ ಹೇಳಿದವರ ಹದಿನೈದು ದಿನಗಳ ವೇತನಕ್ಕಾಗಿ ಇಷ್ಟು ವರ್ಷ ವಾದಿಸಬೇಕಾಯಿತೆಂಬುದು ವಿಚಾರಾರ್ಹ.

ಲೆಕ್ಕವು ದೊಡ್ಡದೇನೂ ಅಲ್ಲ. ತಿಂಗಳಿಗೆ 12,000 ರೂಪಾಯಿ ಪಡೆಯುವ ಶಿಕ್ಷಕಿಯೊಬ್ಬರು 20 ವರ್ಷ ಸೇವೆ ಸಲ್ಲಿಸಿ ನಿವೃತ್ತರಾದರೆ, ವರ್ಷಕ್ಕೆ 15 ದಿನಗಳಂತೆ ಸಲ್ಲತಕ್ಕ ಗ್ರಾಚ್ಯುಟಿ ಸುಮಾರು 1,38,000 ರೂಪಾಯಿ. ಹೊಸ ತರಗತಿ ಕೊಠಡಿಯೊಂದನ್ನು ಕಟ್ಟಿಸಲು ದಾನಿಯೊಬ್ಬರು ಇಂದು ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತಾರೆ. ಕೊಠಡಿಯ ಬಾಗಿಲ ಮೇಲೆ ಅವರ ಹೆಸರನ್ನೂ ಕೆತ್ತಿಸಲಾಗುತ್ತದೆ. ಅನುದಾನರಹಿತ ವಿಭಾಗದ ಶಿಕ್ಷಕರು, ಪ್ರಸಾದನಿಲಯದ ಅಡುಗೆಯವರು ಮತ್ತು ಶಾಲಾ ವಾಹನದ ಚಾಲಕರ ವೃದ್ಧಾಪ್ಯಕ್ಕೆಂದು ಪ್ರತ್ಯೇಕ ನಿಧಿಯೊಂದನ್ನು ತೆರೆದು, ಕಟ್ಟಡಕ್ಕೆ ಬರುವ ಪ್ರತಿಯೊಂದು ದೇಣಿಗೆಯ ನೂರಕ್ಕೆ ಐದನ್ನು ಅದಕ್ಕೆ ತಿರುಗಿಸಲು ಆಡಳಿತ ಮಂಡಳಿಗಳಿಗೆ ಯಾವ ಸಂಹಿತೆಯೂ ಅಡ್ಡಿಯಾಗದು. ಇದಕ್ಕೆ ಬೇಕಾದುದು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಒಂದು ಠರಾವು, ಮತ್ತು ವಾರ್ಷಿಕ ಜಮಾಖರ್ಚಿನ ತಖ್ತೆಯಲ್ಲಿ ಹೊಸದೊಂದು ಅಂಕಣ.