ಹೋರಿಗಿರುವ ಪರೀಕ್ಷೆ ಗಂಡನಿಗೇಕಿಲ್ಲ?

ಮಣಿನಗರದಲ್ಲಿ ನಮ್ಮವರು ನಾಲ್ಕು ಮಂದಿ ಸೇರಿದಲ್ಲಿ, ಮದುವೆಯಾಗಿ ಮೂರು ವರ್ಷವಾದ ಸೊಸೆಗೆ "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಎಂಬ ಪ್ರಶ್ನೆ ತಪ್ಪಿದ್ದಲ್ಲ. ಮಗನನ್ನು ಯಾರೂ ಕೇಳುವುದಿಲ್ಲ. ಆಕೆ ಸ್ಕ್ಯಾನಿಂಗ್, ರಕ್ತಪರೀಕ್ಷೆ, ಹರಕೆ ಎಲ್ಲ ಮುಗಿಸಿದ ಮೇಲೆಯೇ ಗಂಡನ ವೀರ್ಯಪರೀಕ್ಷೆಯ ಮಾತು ಬರುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ.

ನಾವಿರುವುದು ಅಮುಲ್ ನಾಡಿನಲ್ಲಿ. ಅಹಮದಾಬಾದಿಗೆ ಹತ್ತಿರದ ಬೀಡಜ್‌ನಲ್ಲಿ ಸಾಬರಮತಿ ಆಶ್ರಮ ಗೋಶಾಲೆಯ ವೀರ್ಯ ಕೇಂದ್ರವಿದೆ. ಬೆಂಗಳೂರಿನ ಹೆಸರಘಟ್ಟದಲ್ಲಿಯೂ ಅಂಥದ್ದಿದೆ. ಅಲ್ಲಿ ಹೋರಿಯ ವೀರ್ಯವನ್ನು ಸೂಕ್ಷ್ಮದರ್ಶಕದಡಿ ನೋಡದೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವುದಿಲ್ಲ. ಹೋರಿಗೆ ಇದರಲ್ಲಿ ಅವಮಾನವೇನೂ ಆದಂತಿಲ್ಲ!

ಇನ್ನು ಪರೀಕ್ಷೆ ಮಾಡಿಸಿದವರೂ "ಕೌಂಟ್ ಸರಿಯಿದೆ" ಎಂದು ಬೀಗುವಂತಿಲ್ಲ. ಮಿಲಿಲೀಟರಿಗೆ 1.6 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕನಿಷ್ಠ ಮಾನದಂಡ. ಆದರೆ ಎಣಿಕೆಯೊಂದೇ ಸಾಲದು. ವೀರ್ಯಾಣುವಿನ ತಲೆಯ ಮೇಲೆ ಟೋಪಿಯಂಥ ಚೀಲವೊಂದಿದೆ, ಹೆಸರು ಅಕ್ರೋಸೋಮ್. ಅದರಲ್ಲಿ ಕಿಣ್ವಗಳಿವೆ. ಅಂಡಾಣುವಿನ ಸುತ್ತ ಜೀವಕೋಶಗಳನ್ನು ಅಂಟಿಸಿರುವ ಲೋಳೆಯನ್ನು ಹಯಲುರೊನಿಡೇಸ್ ಎಂಬ ಕಿಣ್ವ ಕರಗಿಸುತ್ತದೆ. ಒಳಗಿನ ಗಟ್ಟಿ ಪೊರೆಗೆ ಆಕ್ರೊಸಿನ್ ಬೇಕೆಂದು ಬಹುಕಾಲ ನಂಬಿದ್ದರು. 1994ರಲ್ಲಿ ಜಪಾನಿನ ವಿಜ್ಞಾನಿಗಳು ಆಕ್ರೊಸಿನ್ ಇಲ್ಲದ ಇಲಿಗಳನ್ನು ಸೃಷ್ಟಿಸಿದರೆ ಅವಕ್ಕೂ ಮರಿಗಳಾದವು! ಆದರೆ 2020ರಲ್ಲಿ ಅದೇ ಕಿಣ್ವವಿಲ್ಲದ ಹ್ಯಾಮ್‌ಸ್ಟರ್‌ಗಳ ವೀರ್ಯಾಣು ಪೊರೆಯನ್ನು ದಾಟಲಾಗದೆ ನಿಂತವು. ಮನುಷ್ಯನ ವಿಷಯದಲ್ಲಿ ಯಾವ ಕಿಣ್ವ ಎಷ್ಟು ಅಗತ್ಯವೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಹಾಗಾಗಿ ಕಿಣ್ವದ ಹೆಸರು ಹೇಳಿ ಪುಡಿ, ಗುಳಿಗೆ ಮಾರುವವರ ಮಾತಿಗೆ ಮರುಳಾಗಬೇಡಿ.

ಕೆಲವು ಗಂಡಸರಲ್ಲಿ ಈ ಟೋಪಿಯೇ ಇರುವುದಿಲ್ಲ. ವೀರ್ಯಾಣುವಿನ ತಲೆ ದುಂಡಗಿರುತ್ತದೆ, ಎಣಿಕೆ ಸರಿಯಿದ್ದರೂ ಗರ್ಭ ಕಟ್ಟುವುದಿಲ್ಲ. ಇದು ಅಪರೂಪ, ಆದರೆ ಆಕಾರ ನೋಡುವ ನುರಿತ ಪ್ರಯೋಗಾಲಯದಲ್ಲಿ ಕಾಣುತ್ತದೆ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನ 1992ರಲ್ಲಿ ಬ್ರಸೆಲ್ಸ್‌ನಿಂದ ಬಂದ ಮೇಲೆ ಇಂಥವರಿಗೂ ದಾರಿ ತೆರೆಯಿತು. ಅದು ದುಬಾರಿ ನಿಜ. ಆದರೆ ಮೊದಲ ವೀರ್ಯಪರೀಕ್ಷೆ ಹೆಂಡತಿಯ ಹತ್ತಾರು ಪರೀಕ್ಷೆಗಳಿಗಿಂತ ಸುಲಭ, ನೋವಿಲ್ಲದ್ದು.

ನಮ್ಮ ಸಂಘದ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ಬಿ.ಪಿ. ನೋಡುತ್ತಾರೆ. ಮುಂದಿನ ಶಿಬಿರದಲ್ಲಿ ತಜ್ಞ ವೈದ್ಯರೊಬ್ಬರನ್ನು ಕರೆಸಿ ಈ ವಿಷಯವನ್ನೂ ಮಾತಾಡಿಸೋಣ. ಮೊದಲ ಸಾಲಿನಲ್ಲಿ ಗಂಡಸರು ಕೂರಲಿ, ಹಿಂದಿನ ಸಾಲಿನಲ್ಲಿ ಅತ್ತೆಯಂದಿರು.